ಸ್ಟೋರ್ ಅಂತ ಬರೆದ ಕೋಣೆ

"ಮನೆ ಅಂದ್ರೆ ಹಸು ಅಂತ ತಿಳ್ಕೊಳ್ಳಿ ಭಾವ. ನೀವು ಮಲಗಿದ್ರೂ ಅದು ಹಾಲು ಕೊಡ್ತಾ ಇರುತ್ತೆ," ಎಂದು ಭಾವಮೈದ, ನೋಡಲು ಬಂದ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ನಿಂತು ದಮ್ಮು ಎಳೆದುಕೊಂಡ. ಹಸುವಿಗೆ ಯಾರಾದರೂ ಹುಲ್ಲು ಹಾಕಬೇಕು, ಸಗಣಿ ಬಾಚಬೇಕು, ಮಲಗಿದವನಿಗೆ ಹಾಲು ಕೊಟ್ಟ ಹಸುವನ್ನು ತಾನಂತೂ ಕಂಡಿಲ್ಲ ಎಂಬ ಮಾತು ಭಾವ ಎನ್ನಿಸಿಕೊಂಡ ಅವನ ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ಕನ್ನಡಕದ ಅಂಗಡಿ ಇಟ್ಟು, ಅದರಿಂದ ಮೂರು ಮನೆ ಮಾಡಿ, ಮೂರರ ಬಾಡಿಗೆಯನ್ನೂ ಒಂದನೇ ತಾರೀಖಿನ ಬೆಳಿಗ್ಗೆಯೇ ವಸೂಲು ಮಾಡುವ ಮನುಷ್ಯನ ಮುಂದೆ, ನಲವತ್ತು ವರ್ಷ ಊರಿನವರ ಮನೆಗಳಿಗೆಲ್ಲ ನಕ್ಷೆ ಬರೆದು ಇವತ್ತಿಗೂ ಬಾಡಿಗೆ ಮನೆಯಲ್ಲಿರುವವನು ಹಸುವಿನ ವಿಚಾರ ಎತ್ತಿದರೆ ನಗೆಪಾಟಲಾಗುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಅವನು ಮನೆ ಬರೆದು ಬರೆದು ನೋಡಿದ್ದ, ಅಷ್ಟೆ. ಆಫೀಸು ಮುಚ್ಚುವಾಗ ಕೈಗೆ ಬಂದ ಇಡಿಗಂಟು ಬ್ಯಾಂಕಿನಲ್ಲಿ ಕೂತು ಐದು ತಿಂಗಳಾಗಿತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹೆಂಡತಿ ದಿನಕ್ಕೆರಡು ಸಲ, ಅದೂ ಬಡಿಸುವ ಹೊತ್ತಿಗೇ, ಹೇಳುತ್ತಿದ್ದಳು. ಕೊಳ್ಳುವುದಾದರೆ ನಾವೇ ಹೋಗಿ ಇರೋಣ ಎಂದಿದ್ದಕ್ಕೆ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ನಕ್ಕಿದ್ದರು. "ಅಲ್ಲಿ ಯಾರ್ರೀ ಇರ್ತಾರೆ? ಅದು ಇರೋಕಲ್ಲ, ದುಡ್ಡು ಹಾಕೋಕೆ," ಎಂದಿದ್ದಳು ಹೆಂಡತಿ. ಸಾಯಂಕಾಲದೊಳಗೆ ಮುಂಗಡ ಕೊಡದಿದ್ದರೆ ಬೇರೆ ಪಾರ್ಟಿ ಕಾದು ನಿಂತಿದೆ ಎಂದು ಬ್ರೋಕರ್ ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದ. ಆ ಬೇರೆ ಪಾರ್ಟಿ ಎಂಬುದು ಎಲ್ಲ ಬ್ರೋಕರುಗಳಿಗೂ ಹುಟ್ಟುವಾಗಲೇ ಅಂಟಿಕೊಂಡು ಬಂದಿರುತ್ತದೆ ಎಂದು ಗೊತ್ತಿದ್ದೂ ಅವನ ಎದೆ ಮೂರು ಸಲವೂ ಧಸಕ್ಕೆಂದಿತ್ತು.

ಮೊದಲ ಮಹಡಿಯ ಕೊನೆಯ ಮೆಟ್ಟಿಲಿನಲ್ಲಿ ಅವನು ಎಡವಿದ್ದ. ಭಾವಮೈದ ಮೊಣಕೈ ಹಿಡಿದು, "ನಿಧಾನ ಭಾವ, ವಯಸ್ಸಾಯ್ತು," ಎಂದಿದ್ದ. ತನಗಿಂತ ನಾಲ್ಕೇ ವರ್ಷ ಚಿಕ್ಕವನು. ಎರಡನೆಯ ಮಹಡಿಯ ಕೊನೆಯ ಮೆಟ್ಟಿಲಿನಲ್ಲಿ ಮತ್ತೆ ಕಾಲು ಅದೇ ರೀತಿ ತಗುಲಿ, ಕೈ ಕಂಬಿಗೆ ಹೋದಾಗ, ಇದು ವಯಸ್ಸಲ್ಲ ಎಂದು ಅವನಿಗೆ ತಟ್ಟನೆ ಹೊಳೆಯಿತು. ಭಾವಮೈದನೂ ಎಡವಿದ. "ಯಾವ ಮುಠ್ಠಾಳ ಕಟ್ಟಿದ್ನೋ ಇದನ್ನ," ಎಂದ. ಅವನು ತಿರುಗಿ ನಿಂತು ಕೆಳಗಿನ ಮೆಟ್ಟಿಲುಗಳನ್ನು ಎಣಿಸಿದ. ಹದಿನೇಳು. ನೆಲದಿಂದ ನೆಲಕ್ಕೆ ಹತ್ತಡಿ, ಅಂದರೆ ನೂರಿಪ್ಪತ್ತು ಇಂಚು; ಏಳೇಳು ಇಂಚಿನಂತೆ ಹದಿನೇಳು ಮೆಟ್ಟಿಲು ಹಾಕಿದರೆ ನೂರಹತ್ತೊಂಬತ್ತು. ಉಳಿದ ಒಂದು ಇಂಚನ್ನು ಎಲ್ಲಿ ಹಾಕಬೇಕು ಎಂದು ಕೇಳಲು ಮೇಸ್ತ್ರಿಯೊಬ್ಬ ಅವನು ಬರೆದ ಇದೇ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಆಫೀಸಿಗೇ ಬಂದಿದ್ದ, ಮೂವತ್ನಾಲ್ಕು ವರ್ಷದ ಹಿಂದೆ. ಎಂಜಿನಿಯರ್ ಎಲ್ಲರೆದುರು ನಕ್ಷೆಯನ್ನು ಬೋರ್ಡಿನ ಮೇಲೆ ಹಾಸಿ, ಅವನ ಕಡೆ ಬೆರಳು ಮಾಡಿ, "ಇವರಿಗೆ ಭಾಗಾಕಾರ ಬರಲ್ಲ, ಅದಕ್ಕೇ ಇವರು ನಕ್ಷೆ ಬರೀತಾರೆ," ಎಂದು ನಕ್ಕಿದ್ದರು, ಮೇಸ್ತ್ರಿಯೂ ನಕ್ಕಿದ್ದ. ಆ ಇಂಚನ್ನು ಕೊನೆಯ ಮೆಟ್ಟಿಲಿಗೇ ತುಂಬಿದ್ದರು ಎಂಬುದು ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ತಿಳಿಯುವುದಾದರೂ ಹೇಗೆ? ನಕ್ಷೆ ಬರೆಯುವವರನ್ನು ಯಾರೂ ಗೃಹಪ್ರವೇಶಕ್ಕೆ ಕರೆಯುವುದಿಲ್ಲ. ಬರೆದದ್ದು ನಾನೂರು ಮನೆ ಇದ್ದೀತು, ಮೆಟ್ಟಿಲು ಹತ್ತಿದ್ದು ಹತ್ತರದ್ದೂ ಇಲ್ಲ. ಉಳಿದ ಮನೆಗಳು ಅವನ ಮಟ್ಟಿಗೆ ಇವತ್ತಿಗೂ ಕಾಗದದ್ದೇ, ಅವುಗಳಲ್ಲಿ ಯಾರೂ ಇರುವುದಿಲ್ಲ, ಯಾರೂ ಎಡವುವುದಿಲ್ಲ. ಮುಠ್ಠಾಳ ಕಟ್ಟಿದವನಲ್ಲ ಎಂದು ತಿದ್ದಬೇಕಾದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು.

ಬ್ರೋಕರ್ ಬೆಲ್ ಒತ್ತಿ, ಬಾಗಿಲು ತೆರೆಯುವ ಮೊದಲೇ ಕೈಲಿದ್ದ ಕೀಗೊಂಚಲನ್ನು ಝಲ್ ಎನ್ನಿಸಿದ. ಅದರಲ್ಲಿ ನಲವತ್ತು ಕೀ ಇದ್ದವು, ಈ ಮನೆಯದು ಇರಲಿಲ್ಲ. ಆದರೂ ಗೊಂಚಲಿಲ್ಲದೆ ಅವನು ಎಲ್ಲಿಗೂ ಹೋಗುವವನಲ್ಲ. ಬಾಗಿಲು ತೆರೆದ ಹೆಂಗಸಿನ ಕೈ ಒದ್ದೆಯಾಗಿತ್ತು, ಬೆರಳುಗಳಿಗೆ ಗೋಂದಿನ ಬಿಳಿ ಪೊರೆ ಹತ್ತಿತ್ತು. ಔಷಧಿ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ, ಒಳ್ಳೆ ಬಾಡಿಗೆದಾರರು, ಒಂದು ದಿನ ತಡ ಮಾಡಿದವರಲ್ಲ ಎಂದು ಬ್ರೋಕರ್ ಅವಳೆದುರೇ, ಅವಳು ಮನೆಯ ಜೊತೆಗೆ ಬರುವ ಗೀಸರು ಎನ್ನುವಂತೆ ವಿವರಿಸಿದ. "ಬನ್ನಿ ಸರ್, ಚಪ್ಪಲಿ ಪರವಾಗಿಲ್ಲ," ಎಂದಳು ಅವಳು. ಭಾವಮೈದ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ ಕೆಲಸ ಶುರು ಮಾಡಿದ: ನಲ್ಲಿ ತಿರುಗಿಸಿದ, ಫ್ಲಶ್ ಎಳೆದ, ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿದ, ಅವಳ ಕಪಾಟಿನ ಬಾಗಿಲನ್ನೂ ತೆರೆದು ಮಡಿಚಿಟ್ಟ ಬಟ್ಟೆಗಳನ್ನು ನೋಡಿ ಮುಚ್ಚಿದ. ಅವಳು ಭಾವಮೈದನ ಹಿಂದೆ ಹಿಂದೆಯೇ, ತಪ್ಪು ಮಾಡಿದವಳ ಹಾಗೆ ದೀಪ ಹಾಕುತ್ತ ಹೋದಳು. ಹಾಲಿನಲ್ಲಿ ನಿಂತು ನೋಡುತ್ತಿದ್ದ ಅವನಿಗೆ ಈ ನಡಿಗೆ ಚೆನ್ನಾಗಿ ಗೊತ್ತು. ಅವನ ಹೆಂಡತಿಯೂ ಹೀಗೇ ನಾಲ್ಕು ಓನರುಗಳ ಹಿಂದೆ ದೀಪ ಹಾಕುತ್ತ ನಡೆದಿದ್ದಾಳೆ. ಎರಡನೆಯ ಓನರಮ್ಮ ಗೋಡೆಯ ಮೊಳೆಗಳನ್ನು ಎಣಿಸಿ, ಹೋದ ಸಲ ಏಳಿತ್ತು, ಈಗ ಒಂಬತ್ತಿದೆ ಎಂದಿದ್ದಳು. ಅವತ್ತು ರಾತ್ರಿ ಅವನು ಎರಡು ಮೊಳೆ ಕಿತ್ತು ತೂತಿಗೆ ಟೂತ್‌ಪೇಸ್ಟ್ ತುಂಬಿದ್ದ. ಓನರ್ ಎಂಬ ಜಾತಿಯ ಮೇಲೆ ಅವನು ಮೂವತ್ತು ವರ್ಷ ಸಾಕಿದ ತಾತ್ಸಾರಕ್ಕೆ ಲೆಕ್ಕವಿಲ್ಲ. ಈಗ ತನ್ನ ಕಣ್ಣು ತನ್ನನ್ನು ಕೇಳದೆಯೇ ಹಾಲಿನ ಗೋಡೆಯ ಮೊಳೆಗಳ ಮೇಲೆ ಓಡಾಡುತ್ತಿದೆ ಎಂದು ಗೊತ್ತಾದಾಗ ಅವನು ಐದರವರೆಗೆ ಎಣಿಸಿಯಾಗಿತ್ತು. ನಾಚಿಕೆಯಾಯಿತು, ಆರನೆಯದೂ ಕಂಡಿತು.

"ಒಂದೂವರೆ ಬೆಡ್‌ರೂಮು ಸರ್," ಎಂದ ಬ್ರೋಕರ್. "ಒಂದು ಇದು, ಅರ್ಧ ಅದು." ಮನುಷ್ಯ ಅರ್ಧ ಮಲಗುವುದು ಹೇಗೆ ಎಂದು ಭಾವಮೈದ ಕೇಳಲಿಲ್ಲ, ಅರ್ಧಕ್ಕೆ ಎಷ್ಟು ಬರುತ್ತದೆ ಎಂದು ಕೇಳಿದ. ಆ ಅರ್ಧದ ಬಾಗಿಲಿಗೆ ಒಂದು ಇಸ್ತ್ರಿಪೆಟ್ಟಿಗೆಯನ್ನು ಅಡ್ಡ ಇಟ್ಟಿದ್ದರು. ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲಿ ಎಂದೋ ಎಂದರೆ ಅಲ್ಲಿ ಗಾಳಿಯೇ ಇರಲಿಲ್ಲ. ಬಾಗಿಲು ಮುಚ್ಚಿದರೆ ಉಸಿರಾಡಲಾಗುವುದಿಲ್ಲ ಎಂದು. ಏಳಡಿ, ಒಂಬತ್ತಡಿ. ಅಳೆಯಬೇಕಾಗಿರಲಿಲ್ಲ. ಒಳಗೆ ಮಂಚ, ಮಂಚದ ಮೇಲೆ ಎಪ್ಪತ್ತೈದು ದಾಟಿದ ಒಬ್ಬಳು ಮುದುಕಿ, ಅವಳ ತಲೆಯ ಮೇಲೆ ಹಗಲು ಹನ್ನೊಂದು ಗಂಟೆಗೆ ಉರಿಯುವ ಬಲ್ಬು. "ಇವರು ನಮ್ಮ ದೊಡ್ಡಮ್ಮ. ನನ್ನ ಸಾಕಿದವರು," ಎಂದಳು ಹೆಂಗಸು, ಮನೆಯಲ್ಲಿ ಹೆಚ್ಚಿಗೆ ಒಬ್ಬರಿದ್ದಾರೆ ಎಂದು ಒಪ್ಪಿಕೊಳ್ಳುವ ದನಿಯಲ್ಲಿ. ದೊಡ್ಡಮ್ಮ ಮಾತ್ರ ಯಾರ ಮುಲಾಜಿಗೂ ಬೀಳುವವಳಲ್ಲ. ಮಂಚದ ಅಂಚಿಗೆ ಸರಿದು ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ಇವರಲ್ಲಿ ದುಡ್ಡು ಯಾರದು ಎಂದು ಅಂದಾಜು ಮಾಡಿ, ಸರಿಯಾಗಿ ಅವನನ್ನೇ ಕೇಳಿದಳು: "ಕೊಳ್ಳೋರು ನೀವಾ?"

"ನೋಡೋಕೆ ಬಂದಿದೀವಿ ಅಮ್ಮ."

"ನೋಡೋಕೆ ಇಲ್ಲೇನಿದೆ? ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಲ್ಲಿ ಟಿಕೆಟ್ ಕಿಟಕೀಲಿ ಕೂತಿದ್ದೆ ನಾನು. ನನ್ನ ಪಾಲಿನ ಕಿಟಕಿ ಅಲ್ಲೇ ಖರ್ಚಾಗಿಹೋಯ್ತು ಅನ್ಸುತ್ತೆ." ತನ್ನ ಮಾತಿಗೆ ತಾನೇ ಸ್ವಲ್ಪ ನಕ್ಕು, ದನಿ ತಗ್ಗಿಸಿದಳು. "ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ. ಈ ಗೋಡೇಲಿ ಪಾರಿವಾಳ ಇದೆ."

"ದೊಡ್ಡಮ್ಮ, ಸುಮ್ನಿರು," ಎಂದಳು ಮಗಳಂತಿದ್ದ ಹೆಂಗಸು. ಬ್ರೋಕರ್ ಗೊಂಚಲು ಕುಲುಕಿ ನಕ್ಕ. "ಗೋಡೆ ಆಚೆ ಪಕ್ಕದ ಮನೆ ಇದೆ ಸರ್, ಪಾರಿವಾಳ ಎಲ್ಲಿಂದ ಬರುತ್ತೆ." ಹೆಂಗಸು ಕೊಳ್ಳಲು ಬಂದ ಅವನನ್ನು ಬಾಗಿಲಾಚೆ ಕರೆದು, ಮಾಲು ಮಾರುವಾಗ ಐಬನ್ನು ಮುಚ್ಚಿಡಬಾರದು ಎನ್ನುವವಳ ಹಾಗೆ ತಾನಾಗಿಯೇ ಹೇಳಿದಳು: ಒಂದು ವರ್ಷದಿಂದ ಹೀಗೆ. ರೆಕ್ಕೆ ಬಡಿಯೋ ಸದ್ದು ಕೇಳುತ್ತೆ ಅಂತಾರೆ, ಗುಟುರು ಹಾಕೋದು ಕೇಳುತ್ತೆ ಅಂತಾರೆ. ಡಾಕ್ಟರಿಗೆ ತೋರಿಸಿದ್ವಿ. ಈ ವಯಸ್ಸಲ್ಲಿ ತಲೆ ಹಾಗೆಲ್ಲ ಕೇಳಿಸುತ್ತಂತೆ. ಮಾತ್ರೆ ಕೊಟ್ಟಿದಾರೆ, ದಿನಕ್ಕೆರಡು. ಒಳಗಿನಿಂದ ದೊಡ್ಡಮ್ಮನಿಗೆ ಎಲ್ಲ ಕೇಳುತ್ತಿತ್ತು. "ಮಾತ್ರೆ ತಗೊಂಡ್ರೆ ಪಾರಿವಾಳ ಹೋಗಲ್ಲ ಕಣೇ," ಎಂದಳು. "ನಾನು ಹೋಗ್ತೀನಿ. ಮೊನ್ನೆ ನಿನ್ನ ಹೆಸರೇ ನೆನಪಿಗೆ ಬರ್ಲಿಲ್ಲ." ಅವಳ ಎಡಗೈ ಮಡಿಲಿನಲ್ಲಿ ತನ್ನಷ್ಟಕ್ಕೆ ನಡುಗುತ್ತಿತ್ತು, ಅದನ್ನು ಬಲಗೈ ಹಿಡಿದುಕೊಂಡಿತ್ತು.

ಟ್ರೇಸಿಂಗ್ ಹಾಳೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದದ್ದನ್ನು ರಬ್ಬರು ಅಳಿಸುವುದಿಲ್ಲ. ಶೇವಿಂಗ್ ಬ್ಲೇಡನ್ನು ಅರ್ಧಕ್ಕೆ ಮುರಿದು, ಮೂಲೆಯನ್ನು ಓರೆಯಾಗಿ ಹಿಡಿದು, ಉಸಿರು ಬಿಗಿಹಿಡಿದು ಕೆರೆಯಬೇಕು. ಹೆಚ್ಚು ಒತ್ತಿದರೆ ಹಾಳೆ ತೂತಾಗುತ್ತದೆ, ಕಡಿಮೆ ಒತ್ತಿದರೆ ಗೆರೆ ಉಳಿಯುತ್ತದೆ. ಆ ಆಫೀಸಿನಲ್ಲಿ ಕೆರೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮುದುಕಿಯ ಗೋಡೆಯ ಆಚೆ ಪಕ್ಕದ ಮನೆ ಇರಲಿಲ್ಲ, ಪೈಪುಗಳು ಇಳಿಯುವ, ಮೇಲೆ ಆಕಾಶಕ್ಕೆ ತೆರೆದ ನಾಲ್ಕಡಿ ಅಗಲದ ಡಕ್ಟ್ ಇತ್ತು. ಆಚೆ ಮನೆಗಳ ಬಚ್ಚಲಿನ ಗವಾಕ್ಷಿಗಳು ಅದಕ್ಕೆ ತೆರೆಯುತ್ತಿದ್ದವು, ಈ ಕಡೆ, ಅವನ ಮೊದಲ ನಕ್ಷೆಯಲ್ಲಿ, ಇದೊಂದು ಕೋಣೆಯ ಕಿಟಕಿ. ಮಲಗುವ ಕೋಣೆಯ ಕಿಟಕಿ ತೆರೆಯುವುದಾದರೆ ಡಕ್ಟ್ ಆರಡಿ ಬೇಕು ಎಂದು, ಕೆಲಸ ಆಗಲೇ ಶುರುವಾಗಿದ್ದಾಗ, ಮುನಿಸಿಪಾಲಿಟಿಯಿಂದ ನಕ್ಷೆ ವಾಪಸು ಬಂತು. ಆರಡಿ ಬಿಟ್ಟರೆ ಪ್ರತಿ ಮನೆಯಲ್ಲೂ ಎರಡಡಿ ಜಾಗ ಮಾರಾಟಕ್ಕೆ ಸಿಗುವುದಿಲ್ಲ. ಎಂಜಿನಿಯರ್ ಅವನ ಬೋರ್ಡಿನ ಹತ್ತಿರ ಬಂದು, ಊಟದ ಡಬ್ಬಿ ಮುಚ್ಚುತ್ತಲೇ, "ಕಿಟಕಿ ತೆಗೀರಿ. ಸ್ಟೋರ್ ಅಂತ ಬರೀರಿ," ಎಂದರು. ಸಾಮಾನಿಗೆ ಉಸಿರು ಬೇಡವಲ್ಲ. ಎರಡು ನಿಮಿಷದ ಕೆಲಸ. ನಾಲ್ಕು ಮಹಡಿಗೂ ಒಂದೇ ನಕ್ಷೆ, ಆದ್ದರಿಂದ ಒಂದು ಸಲ ಕೆರೆದರೆ ನಾಲ್ಕು ಕಿಟಕಿ ಹೋದವು. ಅವನು ಆ ಅಚ್ಚುಕಟ್ಟಿಗೆ ಒಳಗೊಳಗೇ ಖುಷಿಪಟ್ಟಿದ್ದ. ಬೆಳಕಿಗೆ ಹಿಡಿದರೂ ಕೆರೆದ ಗುರುತು ಕಾಣುತ್ತಿರಲಿಲ್ಲ. ಒಂದು ಕ್ಷಣ, ಯಾರಾದರೂ ಅಲ್ಲಿ ಮಲಗಿದರೆ ಎಂದು ಕೇಳೋಣ ಅನ್ನಿಸಿದ್ದು ನಿಜ. ಭಾಗಾಕಾರ ಬಾರದವನು ಎಂದು ಹಿಂದಿನ ವಾರವಷ್ಟೇ ಅನ್ನಿಸಿಕೊಂಡಿದ್ದ, ಮತ್ತೆ ಬಾಯಿ ತೆರೆಯಲು ಧೈರ್ಯವಿರಲಿಲ್ಲ.

ಇದೆಲ್ಲ ಅವನ ತಲೆಯಲ್ಲಿ ಓಡುತ್ತಿರುವಾಗ ಭಾವಮೈದ ಕ್ಯಾಲ್ಕುಲೇಟರ್ ಒತ್ತುತ್ತಿದ್ದ. ಬಾಡಿಗೆ ಇಷ್ಟು, ರಿಪೇರಿಗೆ ಅದರಲ್ಲಿ ಹತ್ತನೇ ಒಂದು, ಮನೆ ಖಾಲಿ ಬಿದ್ದರೆ ವರ್ಷಕ್ಕೊಂದು ತಿಂಗಳು; ನೂರಕ್ಕೆ ಮೂರು ಗಿಟ್ಟುತ್ತದೆ. "ಬ್ಯಾಂಕೇ ವಾಸಿ ಅನ್ನೋ ಹಾಗಿದೆ ಭಾವ," ಎಂದು ಬ್ರೋಕರ್‌ಗೆ ಕೇಳುವಂತೆ ಬೇಸರ ನಟಿಸಿದ. "ಆ ಅರ್ಧ ಕೋಣೆ ಎಲ್ಲಾ ಹಾಳು ಮಾಡ್ತಿದೆ." ಈಗ ಸುಮ್ಮನೆ ತಲೆಯಾಡಿಸಿ, ಬೇಡ ಎಂದು ಮೆಟ್ಟಿಲಿಳಿದು ಹೋಗಿದ್ದರೆ ಆಗುತ್ತಿತ್ತು. ಮನೆ ಹಾಗೇ ಇರುತ್ತಿತ್ತು, ಬಾಡಿಗೆ ಅಷ್ಟೇ ಇರುತ್ತಿತ್ತು, ಮುದುಕಿ ದಿನಕ್ಕೆರಡು ಮಾತ್ರೆ ನುಂಗುತ್ತ ಒಂದೊಂದೇ ಹೆಸರು ಮರೆಯುತ್ತಿದ್ದಳು. ಅವನಿಗೆ ಅದೂ ಬೇಡವಾಗಿತ್ತು. ಅವಳ ಮೇಲಿನ ಕನಿಕರ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಕನಿಕರ ಇತ್ತು, ಆದರೆ ಅದರ ಪಕ್ಕದಲ್ಲೇ ಇನ್ನೊಂದಿತ್ತು: ಗೊಂಚಲಿನವನಿಗೂ ಕ್ಯಾಲ್ಕುಲೇಟರಿನವನಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂಬ, ನಲವತ್ತು ವರ್ಷದಲ್ಲಿ ಒಮ್ಮೆಯೂ ತೋರಿಸಲಾಗದ ಸಣ್ಣ ಜಂಬ. ಜೊತೆಗೆ, ಯಾರಾದರೂ ಒಬ್ಬರು ತನ್ನನ್ನು ಛೀ ಎನ್ನಲಿ ಎಂಬ ಆಸೆ.

"ಅವರಿಗೆ ಭ್ರಮೆ ಅಲ್ಲ," ಎಂದ.

ಎಲ್ಲರೂ ತಿರುಗಿದರು. ಅವನು ಒಳಗೆ ಹೋಗಿ ಮಂಚದ ಪಕ್ಕದ ಗೋಡೆಗೆ ಕುಟ್ಟಿದ. "ಪಕ್ಕದ ಮನೆ ಇಲ್ಲ ಇಲ್ಲಿ. ಡಕ್ಟ್ ಇದೆ, ಮೇಲೆ ತೆರೆದಿದೆ. ಪಾರಿವಾಳ ಇರ್ದೆ ಏನು. ನಾಲ್ಕೂವರೆ ಇಂಚಿನ ಗೋಡೆ, ಎಲ್ಲಾ ಕೇಳುತ್ತೆ." ನಿಮಗೆ ಹೇಗೆ ಗೊತ್ತು ಎಂದು ಬ್ರೋಕರ್ ಕೇಳಿದ. "ನಾನೇ ಬರೆದದ್ದು ಈ ಬಿಲ್ಡಿಂಗು." ಅಲ್ಲಿಗೆ ನಿಲ್ಲಿಸಬಹುದಿತ್ತು, ಮುದುಕಿಯ ಬುದ್ಧಿ ಅವಳ ಕೈಗೆ ವಾಪಸು ಬಂದಾಗಿತ್ತು. ನಿಲ್ಲಿಸಲಿಲ್ಲ. "ಇಲ್ಲೊಂದು ಕಿಟಕಿ ಇತ್ತು. ಮೊದಲನೇ ನಕ್ಷೇಲಿ. ನಾನೇ ಕೆರೆದು ತೆಗೆದೆ," ಎಂದು, ಗೋಡೆಯ ಮೇಲೆ ಬೆರಳಿನಿಂದ ಚೌಕ ಎಳೆದು ತೋರಿಸಿದ.

ಬೈಯಲಿ ಎಂದು ಕಾದ. ಮುದುಕಿ ಎದ್ದು ಬಂದು ಅವನು ಎಳೆದ ಚೌಕದ ಮೇಲೆ ತನ್ನ ಬಲ ಅಂಗೈ ಇಟ್ಟಳು. "ನೋಡಿದ್ಯೇನೇ," ಎಂದಳು ಅವನಿಗಲ್ಲ, ಮಗಳಿಗೆ. "ನಾನು ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ ನಾನು?" ಅವಳ ಕಣ್ಣಲ್ಲಿ ನೀರು ತುಂಬಿತ್ತು. ಕಿಟಕಿ ತೆಗೆದವನು ಎದುರಿಗೇ ನಿಂತಿದ್ದರೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಭಾವಮೈದನ ಮುಖ ಮಾತ್ರ ಅರಳಿತ್ತು. "ಅಯ್ಯೋ ಭಾವ, ಇಷ್ಟು ಹೊತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಕಿಟಕಿ ಒಡೆದ್ರೆ ಇದು ಬೆಡ್‌ರೂಮೇ ಅಲ್ವಾ. ಎರಡು ಬೆಡ್‌ರೂಮಿನ ಬಾಡಿಗೆ ಬರುತ್ತೆ." ಪರ್ಮಿಷನ್ ಸಿಗಲ್ಲ, ಡಕ್ಟ್ ಸಾಲದು ಎಂದು ಅವನು ತೊದಲಿದ. "ಈಗ ಯಾರು ಕೇಳ್ತಾರೆ ಸರ್," ಎಂದ ಬ್ರೋಕರ್, ಅಷ್ಟರಲ್ಲಿ ಫೋನು ಅವನ ಕಿವಿಗೆ ಹೋಗಿತ್ತು. ಹಾಲಿನ ಮೂಲೆಯಲ್ಲಿ ನಿಂತು ಈಗಿನ ಓನರಿಗೆ, ಒಂದು ಗುಡ್ ನ್ಯೂಸ್ ಇದೆ, ರೇಟು ಸ್ವಲ್ಪ ಮೇಲೆ ಹೋಗ್ಬಹುದು ಎನ್ನುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆರೆದು ತೆಗೆಯೋಣವೆಂದರೆ ಮಾತಿಗೆ ಬ್ಲೇಡಿಲ್ಲ.

ಬಾಗಿಲವರೆಗೆ ಹೆಂಗಸು ಬಂದಳು. ಭಾವಮೈದ, ಬ್ರೋಕರ್ ಇಬ್ಬರೂ ಮುಂದೆ ಇಳಿದಿದ್ದರು. ಬೆರಳಿಗೆ ಹತ್ತಿದ ಗೋಂದನ್ನು ಇನ್ನೊಂದು ಕೈಯಿಂದ ಕೀಳುತ್ತ, "ಎರಡು ಬೆಡ್‌ರೂಮಿನ ಬಾಡಿಗೆ ನಮ್ಮ ಕೈಲಿ ಆಗಲ್ಲ ಸರ್," ಎಂದಳು. ಕೇಳಿಕೊಳ್ಳುವ ದನಿಯಲ್ಲ, ಗಂಟೆ ಎಷ್ಟಾಯಿತು ಎಂದು ಹೇಳುವ ದನಿ. ಅವನು ಏನೋ ಹೇಳಲು ಹೋದ, ನಾನು ಕೊಳ್ಳುತ್ತಿಲ್ಲ ಎಂದೋ, ನಾನು ಹೇಳಿದ್ದು ಅದಕ್ಕಲ್ಲ ಎಂದೋ. "ಇವತ್ತಿಂದ ಮಾತ್ರೆ ನಿಲ್ಲಿಸ್ತೀನಿ. ಅಷ್ಟಾದ್ರೂ ಆಯ್ತು," ಎಂದು ಅವಳು ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು. ಒಳಗಿನಿಂದ ದೊಡ್ಡಮ್ಮ ಕೂಗಿದಳು: "ಯಜಮಾನ್ರೇ, ಕಿಟಕಿ ಬಾಗಿಲು ಒಳಗಡೆ ತೆರೆಯೋ ಹಾಗೆ ಇಡ್ಸಿ. ಹೊರಗಡೆ ಇಟ್ರೆ ಪಾರಿವಾಳಕ್ಕೆ ತಗುಲುತ್ತೆ." ಅವನು ಹೂಂ ಎಂದ. ಹೆಂಗಸು ಅವನ ಮುಖವನ್ನೊಮ್ಮೆ ನೋಡಿ ಬಾಗಿಲು ಮುಚ್ಚಿದಳು.

ಇಳಿಯುವಾಗ ಎಂಟಿಂಚಿನ ಮೆಟ್ಟಿಲನ್ನು ನೆನಪಿಟ್ಟುಕೊಂಡು ಕಂಬಿ ಹಿಡಿದು ಇಳಿದ. ಕೆಳಗೆ ಭಾವಮೈದ ಕ್ಯಾಲ್ಕುಲೇಟರನ್ನು ಮತ್ತೆ ತೆಗೆದಿದ್ದ. ನೂರಕ್ಕೆ ನಾಲ್ಕೂವರೆ, ಎಳೆದರೆ ಐದು. "ನನಗೆ ಬೇಡ ಈ ಮನೆ," ಎಂದು ಅವನು ಹೇಳಿದ, ಬಹಳ ದೊಡ್ಡದಾಗಿ ಹೇಳಿದೆ ಎಂದುಕೊಂಡಿದ್ದ, ದನಿ ಅಷ್ಟೇನೂ ಬರಲಿಲ್ಲ. ಭಾವಮೈದ ಆಶ್ಚರ್ಯಪಡಲಿಲ್ಲ. ಅಕ್ಕನ ಗಂಡನಿಂದ ಆಗುವ ಕೆಲಸವಲ್ಲ ಇದು ಎಂದು ಅವನಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. "ಬೇಡ್ವಾ? ಸರಿ ಬಿಡಿ. ನಾನೇ ತಗೋತೀನಿ," ಎಂದು ಅಲ್ಲೇ ನಿಂತು ಬ್ರೋಕರ್‌ನ ಕಡೆ ಕೈ ಮಾಡಿದ. ನಾಲ್ಕನೆಯ ಹಸು. ಬೇಡ ಎಂದು ಕೈ ತೊಳೆದುಕೊಂಡರೆ ತಾನು ಒಳ್ಳೆಯವನಾಗುತ್ತೇನೆ ಎಂದು ಎರಡು ಮಹಡಿ ಇಳಿಯುವಷ್ಟು ಹೊತ್ತು ನಂಬಿದ್ದ ತನ್ನ ಮೇಲೆ ಅವನಿಗೆ ಅಸಹ್ಯವಾಯಿತು. ಎಡವದ ಹಾಗೆ ಕಂಬಿ ಹಿಡಿದು ಬೇರೆ ಇಳಿದಿದ್ದ.

"ಆದ್ರೆ ಕಿಟಕಿ ನಕ್ಷೆ ನೀವೇ ಹಾಕ್ಕೊಡಿ ಭಾವ," ಎಂದ ಭಾವಮೈದ ಗೇಟು ದಾಟುತ್ತ. "ಮನೇಲೇ ನೀವಿರುವಾಗ ಹೊರಗಿನವರಿಗೆ ಯಾಕೆ ದುಡ್ಡು ಕೊಡೋದು. ಎಷ್ಟಕ್ಕೆಷ್ಟು ಬರಬಹುದು ಅಲ್ಲಿ?"

ಆಗಲ್ಲ ಎನ್ನಲು ಬಾಯಿ ತೆರೆದ. ನಲವತ್ತು ವರ್ಷ ಯಾರು ಅಳತೆ ಕೇಳಿದರೂ ಉತ್ತರ ಕೊಟ್ಟು ರೂಢಿಯಾದ ಬಾಯಿ ಅದು.

"ಮೂರಕ್ಕೆ ನಾಲ್ಕು," ಎಂದ. "ಒಳಗಡೆ ತೆರೆಯೋದು."